ಉಡಿಯಲ್ಲಿ ಸಂಪಿಗೆ ಕಂಡವರು

ಹೋದ ತಿಂಗಳು ಮಾಸ್ತರು ತೀರಿಕೊಂಡರು. ದಿನಕರ್ಮ ಮುಗಿಯುತ್ತಿದ್ದಂತೆ ಅವರ ಅಭಿಮಾನಿ ಹುಡುಗರು ನನ್ನ ಮನೆಗೆ ಬಂದು ಚಾಪೆಯ ಮೇಲೆ ಕುಳಿತರು. ಸ್ಮರಣ ಸಂಚಿಕೆ ತರುತ್ತಿದ್ದಾರಂತೆ. ಚಹಾ ಕೊಟ್ಟೆ.

"ಅಕ್ಕೋರ, ನೀವು ಅವರ ಜೋಡಿ ಒಂದ ಸಾಲ್ಯಾಗ ಅಷ್ಟ ವರ್ಷ ಕೆಲಸಾ ಮಾಡೀರಿ. ಎರಡ ಪುಟ ಬರದ ಕೊಡ್ರಿ. ಹೆಂಗ ಇದ್ರು, ಹೆಂಗ ಮಾತಾಡ್ತಿದ್ರು, ಅಂಥಾದ್ದು," ಎಂದ ಒಬ್ಬ.

"ಇದ್ದದ್ದ ಇದ್ದಂಗ ಬರದ್ರ ನಡೀತೈತೇನಪಾ?"

"ಅದ ಬೇಕ್ರಿ ನಮಗ."

ಬೇಕಂತೆ. ಬರೆಯುತ್ತೇನೆ. ಹೆಸರನ್ನು ಮಾತ್ರ ಬರೆಯುವುದಿಲ್ಲ. ಆ ಹೆಸರು ಬಾಗಲಕೋಟೆಯ ಬಸ್ ಸ್ಟ್ಯಾಂಡಿನಿಂದ ಬಾದಾಮಿಯ ರೈಲು ಸ್ಟೇಶನ್ನಿನವರೆಗೆ ಪುಸ್ತಕದಂಗಡಿಗಳಲ್ಲಿ ಇಷ್ಟು ವರ್ಷ ದಪ್ಪಕ್ಷರದಲ್ಲಿ ನೇತಾಡಿದೆ. ಇನ್ನೊಮ್ಮೆ ಬರೆದು ನನ್ನ ಕೈ ಹೊಲಸು ಮಾಡಿಕೊಳ್ಳುವ ಮನಸ್ಸಿಲ್ಲ.

ಮೊದಲು ಅವರ ಒಳ್ಳೆಯ ಗುಣಗಳನ್ನು ಹೇಳಿ ಮುಗಿಸುತ್ತೇನೆ, ಆಮೇಲೆ ನೆನಪಾಗಲಿಕ್ಕಿಲ್ಲ. ಇಳಕಲ್ಲಿನ ನಮ್ಮ ಹೈಸ್ಕೂಲಿನಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು, ನಾನು ಕನ್ನಡ. ಹುಡುಗರನ್ನು ಹೊಡೆಯುತ್ತಿರಲಿಲ್ಲ. ಕುಡಿಯುತ್ತಿರಲಿಲ್ಲ, ಸೇದುತ್ತಿರಲಿಲ್ಲ. ಹೆಣ್ಣುಮಕ್ಕಳು ಸ್ಟಾಫ್ ರೂಮಿಗೆ ಬಂದರೆ ಎದ್ದು ನಿಲ್ಲುತ್ತಿದ್ದ ಗಂಡಸು ಅವರೊಬ್ಬರೇ. ನಾನು ಕಮತಗಿಯಿಂದ ನೌಕರಿಗೆ ಬಂದಾಗ, ಒಂಟಿ ಹೆಂಗಸಿಗೆ ಖೋಲಿ ಕೊಡಲು ಊರೆಲ್ಲ ಹಿಂದೆಮುಂದೆ ನೋಡುತ್ತಿತ್ತು. ಅವರೇ ನಾಲ್ಕು ಮನೆ ತಿರುಗಿ ಕೊಡಿಸಿದರು. ಇದನ್ನೆಲ್ಲ ನಾನು ಮರೆತಿಲ್ಲ. ಮರೆಯುವಂತಿದ್ದರೆ ಹೇಸಿಕೊಳ್ಳುವುದು ಸುಲಭವಾಗುತ್ತಿತ್ತು.

ಶಾಲೆ ಬಿಟ್ಟ ಮೇಲೆ ಅವರು ಕಾದಂಬರಿಕಾರರು. ಎಲ್ಲ ಕಾದಂಬರಿಗಳೂ ಚಾಲುಕ್ಯರ ಬಾದಾಮಿಯಲ್ಲೇ ನಡೆಯುತ್ತಿದ್ದವು. ಒಬ್ಬ ಚೆಲುವೆ, ಅವಳನ್ನು ಪ್ರೀತಿಸುವ ಒಬ್ಬ ಶಿಲ್ಪಿ ಅಥವಾ ದಂಡನಾಯಕ, ಒಂದು ಕೊಲೆ, ಕೊಲೆಯ ಜಾಡು ಹಿಡಿದು ಗುಹೆಯಿಂದ ಗುಹೆಗೆ ತಿರುಗುವ ರಾಜನ ಗೂಢಚಾರ. ಕೊನೆಗೆ ಬೆಳದಿಂಗಳು, ಕಣ್ಣೀರು, ಕ್ಷಮೆ. ಮುಖಪುಟದ ಮೇಲಿನ ಹೆಂಗಸಿಗೆ ಬಟ್ಟೆ ಕಡಿಮೆ, ಒಡವೆ ಹೆಚ್ಚು. ಜನ ಓದುತ್ತಿದ್ದರು, ಮುಗಿಬಿದ್ದು ಓದುತ್ತಿದ್ದರು. ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಅವರ ಕಾದಂಬರಿ ಸಿಗಬೇಕಾದರೆ ಪಾಳಿ ಹಚ್ಚಬೇಕಾಗಿತ್ತು. ಮುನ್ನುಡಿಯಲ್ಲಿ ಅವರು ತಪ್ಪದೆ ಬರೆಯುತ್ತಿದ್ದ ಮಾತೊಂದಿತ್ತು: "ಶಿವಯೋಗ ಮಂದಿರದ ಹತ್ತಿರ, ಮಲಪ್ರಭೆಯ ದಂಡೆಯ ಮೇಲೆ, ಶಾಂತ ಚಿತ್ತದಿಂದ ಇದನ್ನು ರಚಿಸಿದೆ." ಶಾಂತ ಚಿತ್ತವಂತೆ.

ಆ ಕೊಲೆಗಳನ್ನು ಅವರು ಕಲ್ಪಿಸುತ್ತಿರಲಿಲ್ಲ. ನಮ್ಮ ಸುತ್ತಲಿನ ಕೊಲೆಗಳೇ ಅವು.

ಹೆಣ ಸಿಕ್ಕ ಕಡೆ ಪೊಲೀಸರು ಪಂಚನಾಮೆ ಬರೆಯುತ್ತಾರೆ. ಅದಕ್ಕೆ ಊರಿನ ಇಬ್ಬರು ಮರ್ಯಾದಸ್ಥರು ಪಂಚರಾಗಿ ನಿಂತು, ಕಣ್ಣಾರೆ ಕಂಡೆವೆಂದು ಸಹಿ ಹಾಕಬೇಕು. ಈ ಕೆಲಸಕ್ಕೆ ಯಾರೂ ಹೋಗುವುದಿಲ್ಲ. ಮೈಲಿಗೆ ಬೇರೆ, ಮುಂದೆ ಕೋರ್ಟು ಕಚೇರಿ ಬೇರೆ. ಫೌಜದಾರನ ಜೀಪು ಓಣಿಗೆ ಬಂತೆಂದರೆ ದೊಡ್ಡ ದೊಡ್ಡವರೆಲ್ಲ ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋಗಿಬಿಡುತ್ತಿದ್ದರು. ನಮ್ಮ ಮಾಸ್ತರು ಮಾತ್ರ ತಾವೇ ಫೌಜದಾರನಿಗೆ ಹೇಳಿಟ್ಟಿದ್ದರು: "ಏನರ ಇದ್ರ ನನ್ನ ಕರೀರಿ ಸಾಹೇಬ್ರ. ಪಾಠ ಇದ್ರೂ ಬರ್ತೇನಿ." ಬಾವಿಗೆ ಬಿದ್ದವರು, ಬಣವೆಯಲ್ಲಿ ಸುಟ್ಟವರು, ಹೊಲದ ಬದುವಿನಲ್ಲಿ ಕೊಡಲಿ ಏಟು ತಿಂದವರು, ಎಲ್ಲರ ಮೇಲಿನ ಬಟ್ಟೆ ಸರಿಸಿ ಮೊದಲು ನೋಡುತ್ತಿದ್ದವರು ಇವರು. ನೋಡುವ ಮೊದಲು ಅತ್ತರು ಹಚ್ಚಿದ ಕರವಸ್ತ್ರವನ್ನು ಮೂಗಿಗೆ ಹಿಡಿಯುತ್ತಿದ್ದರು. ಅದೇ ಕರವಸ್ತ್ರ ಮರುದಿನ ಸ್ಟಾಫ್ ರೂಮಿನಲ್ಲಿ ಅವರ ಕಿಸೆಯಿಂದ ಇಣುಕುತ್ತಿತ್ತು. ಆ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿಲ್ಲ.

"ಸಾಮಗ್ರಿ ಛಲೋ ಸಿಕ್ತು," ಎನ್ನುತ್ತಿದ್ದರು. ಸತ್ತವರಿಗೆ ಅವರು ಕೊಟ್ಟ ಹೆಸರು ಅದು, ಸಾಮಗ್ರಿ.

ಮಧ್ಯಾಹ್ನದ ಬಿಡುವಿನಲ್ಲಿ, ಬರೆದ ಅಧ್ಯಾಯವನ್ನು ನಮಗೆಲ್ಲ ಓದಿ ಹೇಳುತ್ತಿದ್ದರು. ಮೇಜಿನ ಮೇಲೆ ಅಮೀನಗಡದ ಕರದಂಟಿನ ಪೊಟ್ಟಣ. ನಾಯಕಿ ಸಾಯುವ ಭಾಗ ಬಂದಾಗ ಕಣ್ಣು ಮುಚ್ಚಿ, ದನಿ ಇಳಿಸಿ, ಬಾಯಿಪಾಠದಿಂದಲೇ ಹೇಳುತ್ತಿದ್ದರು. ನಡುವೆ ಕರದಂಟಿನ ಅಂಟು ಹಲ್ಲಿಗೆ ಸಿಕ್ಕಿದರೆ ಕಿರುಬೆರಳಿನಿಂದ ಬಿಡಿಸಿಕೊಂಡು, ಆ ಬೆರಳು ನೆಕ್ಕಿ ಪುಟ ತಿರುವುತ್ತಿದ್ದರು. ನಾನು ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದೆ. ನಾನು ಭಾವುಕಳಾಗಿದ್ದೇನೆಂದು ಅವರು ತಿಳಿದುಕೊಂಡಿದ್ದರು.

ಒಮ್ಮೆ ಬಾದಾಮಿ ಕಡೆಯ ಒಬ್ಬ ಕುರಿಗಾರ ಶಾಲೆಗೆ ಬಂದ. ಹಣೆಯ ಮೇಲೆ ಬೀರಪ್ಪನ ಭಂಡಾರ, ಹೆಗಲ ಮೇಲೆ ಕಂಬಳಿ. ಅವನ ಅಣ್ಣನನ್ನು ಕುರಿ ಮೇಯಿಸುವ ಅಡವಿಯ ಜಗಳದಲ್ಲಿ ಯಾರೋ ಕಡಿದಿದ್ದರು. ಮಾಸ್ತರು ಆ ಅಣ್ಣನನ್ನು ತಮ್ಮ ಪುಸ್ತಕದಲ್ಲಿ ರಾಣಿಯ ಮೇಲೆ ಕಣ್ಣುಹಾಕಿದ ಕುರಿಗಾರನನ್ನಾಗಿ ಮಾಡಿ, ಗುಹೆಯ ಬಾಗಿಲಲ್ಲಿ ಕೊಲ್ಲಿಸಿದ್ದರು. ಊರಿನವರು ಅದನ್ನು ಓದಿ, ಅವನ ಅತ್ತಿಗೆಯ ಮುಂದೆ ನಗುತ್ತಿದ್ದರಂತೆ.

"ನಮ್ಮಣ್ಣ ಯಾವ ಹೆಂಗಸಿನ ಗೋಜಿಗೂ ಹೋದಾಂವಲ್ರಿ ಸರ. ಕುರಿ ಸಲುವಾಗಿ ಸತ್ತಾನ್ರಿ ಆಂವ," ಎಂದ, ಬಾಗಿಲಲ್ಲೇ ನಿಂತು.

ಮಾಸ್ತರು ಎದ್ದು ಹೋಗಿ ಅವನ ಭುಜ ತಟ್ಟಿದರು. "ನಿಮ್ಮಣ್ಣನ್ನ ಅಮರ ಮಾಡೇನಪಾ ನಾ," ಎಂದು, ಕಪಾಟಿನಿಂದ ಒಂದು ಪ್ರತಿ ತೆಗೆದು, ಹಸಿರು ಮಸಿಯಲ್ಲಿ ಸಹಿ ಹಾಕಿ ಅವನ ಕೈಗಿಟ್ಟರು. ಅವನಿಗೆ ಓದಲು ಬರುತ್ತಿರಲಿಲ್ಲ. ಪುಸ್ತಕವನ್ನು ಕಂಬಳಿಯ ಮಡಿಕೆಯಲ್ಲಿಟ್ಟುಕೊಂಡು, ನಮಸ್ಕಾರ ಮಾಡಿ ಹೋದ. ಮಾಸ್ತರು ಕುರ್ಚಿಗೆ ಮರಳಿ, "ಜನರ ಪ್ರೀತಿ ನೋಡ್ರಿ," ಎಂದರು. ಅವರು ಚೇಷ್ಟೆ ಮಾಡುತ್ತಿಲ್ಲ, ನಿಜಕ್ಕೂ ಹಾಗೆಯೇ ತಿಳಿದುಕೊಂಡಿದ್ದಾರೆ ಎಂದು ನನಗೆ ಆವತ್ತು ಗೊತ್ತಾಯಿತು.

ಇಷ್ಟರಲ್ಲೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಕಸ್ತೂರಿಯ ಸಂಗತಿ ಬೇರೆ.

ಕಸ್ತೂರಿ ಕಮತಗಿಯ ಯಮನವ್ವನ ಮಗಳು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಯಮನವ್ವ ಗಂಡ ಸತ್ತ ಮೇಲೆ ಕೂಲಿನಾಲಿ ಮಾಡಿ ಒಬ್ಬಳೇ ಮಗಳನ್ನು ಬೆಳೆಸಿ, ಇಳಕಲ್ಲಿನ ಒಂದು ಕುಳದ ಮನೆಗೆ ಕೊಟ್ಟಿದ್ದಳು. ಮಗ್ಗವೂ ಇತ್ತು, ಊರ ಹೊರಗೆ ಬಾವಿ ಇದ್ದ ಹೊಲವೂ ಇತ್ತು. ಮಕ್ಕಳಾಗಲಿಲ್ಲ. ಗಂಡನಿಗೆ ಇನ್ನೊಂದು ಮದುವೆಯ ಮಾತು ನಡೆದಿತ್ತು, ಕಸ್ತೂರಿ ಒಪ್ಪಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಶುಕ್ರವಾರ ತವರಿನಿಂದ ಬಸ್ಸು ಹತ್ತಿ ಗಂಡನ ಮನೆಗೆ ಹೊರಟಳು. ರವಿವಾರ ಅವಳ ಹೆಣ ಹೊಲದ ಬಾವಿಯಲ್ಲಿ ತೇಲಿತು.

ಗಂಡನ ಮನೆಯವರು ಹೇಳಿದ್ದು ಹೀಗೆ: ಶುಕ್ರವಾರ ಸಂಜೆ ಮನೆಗೆ ಬಂದಳು. ಉಂಡಳು, ಮಲಗಿದಳು, ಶನಿವಾರವೆಲ್ಲ ಮನೆಯಲ್ಲಿ ಕೆಲಸ ಮಾಡಿಕೊಂಡಿದ್ದಳು. ಮಕ್ಕಳಿಲ್ಲದ ಚಿಂತೆ. ಯಾರಿಗೂ ಹೇಳದೆ ಹೋಗಿ ಬಿದ್ದಿದ್ದಾಳೆ.

ಆದರೆ ಅವಳ ಉಡಿ ತುಂಬಿತ್ತು.

ನಮ್ಮ ಕಡೆ ಮಗಳು ತವರಿನಿಂದ ಹೊರಟಾಗ ಮುತ್ತೈದೆಯರು ಉಡಿ ತುಂಬುತ್ತಾರೆ. ಸೀರೆಯ ಸೆರಗನ್ನು ಮುಂದೆ ಜೋಳಿಗೆ ಮಾಡಿ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಉತ್ತತ್ತಿ, ಅಡಿಕೆ ಹಾಕಿ ಸೊಂಟಕ್ಕೆ ಬಿಗಿದು ಕಳಿಸುತ್ತಾರೆ. ನಮ್ಮ ಊರಿನ ಹೆಂಗಸರು ಅದನ್ನು ದಾರಿಯಲ್ಲಿ ಬಿಚ್ಚುವುದಿಲ್ಲ. ಗಂಡನ ಮನೆ ಮುಟ್ಟಿ, ಕಾಲು ತೊಳೆದು, ದೇವರ ಜಗಲಿಯ ಮುಂದೆ ಕೂತು ಬಿಚ್ಚಬೇಕು. ಅಲ್ಲಿಯವರೆಗೆ ನೀರು ಕೂಡ ಕುಡಿಯದವರನ್ನು ನಾನು ಕಂಡಿದ್ದೇನೆ. ಮನೆಗೆ ಬಂದು, ಉಂಡು, ಮಲಗಿ, ಮರುದಿನವೆಲ್ಲ ಕಸ ಮುಸುರೆ ಮಾಡಿದ ಹೆಂಗಸಿನ ಉಡಿಯಲ್ಲಿ ತವರಿನ ಅಕ್ಕಿ ಉಳಿಯುವುದಿಲ್ಲ. ಉಳಿದಿದೆ ಎಂದರೆ ಅವಳು ಆ ಮನೆಯ ಹೊಸಿಲು ದಾಟಿಲ್ಲ. ಬಸ್ಸಿನಿಂದ ಇಳಿದವಳನ್ನು ಯಾರೋ ನೇರವಾಗಿ ಹೊಲಕ್ಕೆ ಕರೆದೊಯ್ದಿದ್ದಾರೆ. ಇದನ್ನು ತಿಳಿಯಲು ಗೂಢಚಾರ ಬೇಕಾಗಿಲ್ಲ, ಒಮ್ಮೆ ಉಡಿ ತುಂಬಿಸಿಕೊಂಡ ಯಾವ ಹೆಂಗಸಾದರೂ ಹೇಳುತ್ತಾಳೆ.

ಆವತ್ತು ಬಾವಿಯ ದಂಡೆಯಲ್ಲಿ ಹೆಂಗಸರಿರಲಿಲ್ಲ. ಪೊಲೀಸರಿದ್ದರು, ಪಂಚರಿದ್ದರು. ಒಬ್ಬ ಪಂಚ ನಮ್ಮ ಮಾಸ್ತರು. ಇನ್ನೊಬ್ಬ ಪಕ್ಕದ ಹೊಲದ ಮುದುಕ, ಹೆಬ್ಬೆಟ್ಟು ಒತ್ತಿದ; ಕೇಸು ಕೋರ್ಟಿಗೆ ಬರುವ ಮೊದಲೇ ಅವನು ತೀರಿಕೊಂಡ. ಬರೆಯುವ ಪೊಲೀಸಪ್ಪ "ಸೆರಗಿನಲ್ಲಿ ಕಾಳು" ಎಂದಷ್ಟು ಬರೆದು ಮುಗಿಸಿದ. ನೆನೆದು ಕೊಳೆತಿದ್ದನ್ನು ಅಲ್ಲಿಯೇ ಚೆಲ್ಲಿದರು.

ಯಮನವ್ವ ಹಟ ಬಿಡಲಿಲ್ಲ. ಹುನಗುಂದದ ಪೊಲೀಸ್ ಕಚೇರಿಗೆ ಎಷ್ಟು ಸಲ ಎಡತಾಕಿದಳೋ. ಕೊನೆಗೆ ಗಂಡನನ್ನು ಹಿಡಿದು ಕೇಸು ಹಾಕಿದರು. ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ನೋಡಿದವರು ಇದ್ದರು. ಕೋರ್ಟಿಗೆ ಬರುವ ಹೊತ್ತಿಗೆ ಅವರೆಲ್ಲ ಕುರುಡರಾಗಿದ್ದರು. ಹೆಣ ನೀರಿನಲ್ಲಿ ನೆನೆದು ಕೆಟ್ಟಿದ್ದರಿಂದ ಸತ್ತದ್ದು ಯಾವಾಗ, ಹೇಗೆ ಎಂದು ಡಾಕ್ಟರರೂ ಖಚಿತವಾಗಿ ಹೇಳಲಿಲ್ಲ. ಉಳಿದದ್ದು ಆ ಉಡಿ ಒಂದೇ. ಆಕೆ ಕೋಳಿಗೆ ಹಾಕಲು ಕಾಳು ಕಟ್ಟಿಕೊಂಡಿದ್ದಳು ಎಂದು ಗಂಡನ ವಕೀಲ ಹೇಳತೊಡಗಿದ್ದ. ಕಾಳಲ್ಲ, ಉಡಿಯಕ್ಕಿ, ಜೊತೆಗೆ ಅರಿಷಿಣದ ಕೊಂಬು ಕೊಬ್ಬರಿ ಇದ್ದವು ಎಂದು ಕಣ್ಣಾರೆ ಕಂಡ ಪಂಚ ಹೇಳಬೇಕಾಗಿತ್ತು. ತಾಯಿಯೋ ತವರಿನ ಓಣಿಯ ಹೆಂಗಸರೋ ಹೇಳಿದರೆ, ಮಗಳ ಪರ ಹೇಳೇ ಹೇಳುತ್ತಾರೆ ಎನ್ನುತ್ತಿದ್ದರು.

ಈ ನಡುವೆ ಮಾಸ್ತರ ಹೊಸ ಕಾದಂಬರಿ ಬಂತು. ಕೇಸು ಇನ್ನೂ ವಿಚಾರಣೆಗೆ ಬಂದಿರಲಿಲ್ಲ. ನಾಯಕಿ ಬಾದಾಮಿಯ ನೇಕಾರರ ಸೊಸೆ, ಮಕ್ಕಳಿಲ್ಲದವಳು. ಅವಳನ್ನು ಗುಟ್ಟಾಗಿ ಪ್ರೀತಿಸುವ ಒಬ್ಬ ಶಿಲ್ಪಿ. ಒಂದು ಮುಂಜಾನೆ ಅಗಸ್ತ್ಯ ತೀರ್ಥದಲ್ಲಿ ಅವಳ ಹೆಣ ತೇಲುತ್ತದೆ. ಮೇಲೆತ್ತಿ ನೋಡಿದರೆ ಉಡಿಯ ತುಂಬ ಸಂಪಿಗೆ ಹೂವು, ಶಿಲ್ಪಿ ಕೊಟ್ಟದ್ದು. ಗಂಡನಿಗೂ ಪ್ರಿಯನಿಗೂ ನಡುವೆ ಸಿಕ್ಕಿ ತಾನೇ ನೀರಿಗಿಳಿದಳೆಂದು ಗೂಢಚಾರ ಕಂಡುಹಿಡಿಯುತ್ತಾನೆ. ಕೊಲೆಯ ಆರೋಪ ಹೊತ್ತ ಗಂಡ ದೇವರಂಥವನು. ಅವನು ಹೆಂಡತಿಯ ತಪ್ಪನ್ನು ಕ್ಷಮಿಸಿ, ಅವಳ ನೆನಪಿಗೆ ಒಂದು ಗುಡಿ ಕಟ್ಟಿಸುತ್ತಾನೆ. ಈ ಸೀಮೆಯ ಬಿಸಿಲಿನಲ್ಲಿ ಸಂಪಿಗೆ ಮರವನ್ನು ನಾನಂತೂ ಕಂಡಿಲ್ಲ. ಆದರೆ ಓದುವವರಿಗೆ ಅದರ ಪರಿಮಳ ಬಂತು.

ಅಷ್ಟು ಮಾರಾಟವಾದ ಪುಸ್ತಕ ಅವರದು ಮತ್ತೊಂದು ಬರಲಿಲ್ಲ. ಇಳಕಲ್ಲಿನಲ್ಲಿ ಸತ್ಕಾರ, ಗುಳೇದಗುಡ್ಡದಲ್ಲಿ ಸತ್ಕಾರ, ಬಾಗಲಕೋಟೆಯಲ್ಲಿ ಶಾಲು. ಎಲ್ಲಿ ಹೋದರೂ ಜನ ಸಂಪಿಗೆಯ ಅಧ್ಯಾಯವನ್ನೇ ಕೇಳುತ್ತಿದ್ದರು. ಇವರು ಕಣ್ಣು ಮುಚ್ಚಿ ಹೇಳುತ್ತಿದ್ದರು. "ಇದು ಖರೆ ಕಥಿ, ಆ ಹೆಣಾ ನಾನ ಕಣ್ಣಾರೆ ನೋಡೇನಿ," ಎಂದು ಕೊನೆಗೊಂದು ಮಾತು ಸೇರಿಸುತ್ತಿದ್ದರು. ಸಭೆ ನಿಟ್ಟುಸಿರು ಬಿಡುತ್ತಿತ್ತು. ನಳದ ಮುಂದೆ ಹೆಂಗಸರು ಕೊಡ ಇಟ್ಟುಕೊಂಡು ಮಾತಾಡುವುದು ನನ್ನ ಕಿವಿಗೂ ಬಿತ್ತು: "ಆಕಿಗೆ ಒಬ್ಬಾಂವ ಇದ್ದನಂತವಾ. ಸುಳ್ಳ ಬರೀತಾರೇನ ಅಷ್ಟ ದೊಡ್ಡವರು." ಉಡಿ ತುಂಬಿಸಿಕೊಂಡ ಹೆಂಗಸರೇ ಹೀಗೆ ಹೇಳುತ್ತಿದ್ದರು. ಪುಸ್ತಕದ ಹೂವಿನ ಮುಂದೆ ತಮ್ಮ ಸೆರಗಿನ ಅಕ್ಕಿ ಅವರಿಗೂ ಮರೆತುಹೋಗಿತ್ತು.

ವಿಚಾರಣೆಯ ದಿನ ಯಮನವ್ವ ನನ್ನನ್ನು ಬಾಗಲಕೋಟೆಗೆ ಜೊತೆಗೆ ಕರೆದುಕೊಂಡು ಹೋದಳು. "ನೀವು ಕಲ್ತವ್ರು, ಅಲ್ಲಿ ಏನಂತಾರ ನನಗ ತಿಳಿಸಿ ಹೇಳ್ರಿ ಅಕ್ಕೋರ," ಎಂದಿದ್ದಳು. ದಾರಿಯುದ್ದಕ್ಕೂ ಅವಳಿಗೆ ಮಾಸ್ತರ ಮೇಲೆ ಭರವಸೆ. "ದೊಡ್ಡ ಮನಷ್ಯಾ, ಸಾಲಿ ಕಲಿಸಾಂವ. ಇದ್ದದ್ದ ಹೇಳ್ತಾನ್ರಿ."

ಮಾಸ್ತರು ಕಟಕಟೆಯಲ್ಲಿ ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಅದೇ ಕರವಸ್ತ್ರ. ಸರಕಾರಿ ವಕೀಲರು ಊರು, ಉದ್ಯೋಗ ಕೇಳಿದ ಮೇಲೆ, ಶವದ ಉಡಿಯಲ್ಲಿ ಏನಿತ್ತು ಹೇಳಿ ಎಂದರು.

ಮಾಸ್ತರು ಕಣ್ಣು ಮುಚ್ಚಿದರು. ಆ ಕಣ್ಣು ಮುಚ್ಚುವುದು ನನಗೆ ಗೊತ್ತಿತ್ತು.

"ಸಂಪಿಗೆ," ಎಂದರು, ಇಳಿದ ದನಿಯಲ್ಲಿ. "ಉಡಿ ತುಂಬ ಸಂಪಿಗೆ ಇತ್ತು."

ವಕೀಲರು ಕಾಗದ ನೋಡಿದರು, ಅವರ ಮುಖ ನೋಡಿದರು. "ಪಂಚನಾಮೆಯೊಳಗ ಕಾಳು ಅಂತ ಬರದೈತಲ್ರಿ. ನೀವ ಸಹಿ ಮಾಡೀರಿ."

"ಕಾಳೂ ಇದ್ದೀತ್ರಿ. ಆದರ ನನ್ನ ಕಣ್ಣಿಗೆ ಕಟ್ಟಿದ್ದು ಸಂಪಿಗಿ. ಈಗೂ ಕಾಣತೈತಿ."

ಗಂಡನ ವಕೀಲ ಎದ್ದು ಒಂದೇ ಪ್ರಶ್ನೆ ಕೇಳಿದ. "ಹೂವು ನೀವ ಕಣ್ಣಾರೆ ನೋಡೀರೇನ್ರಿ ಸರ?"

"ನೋಡೇನ್ರಿ."

ಅವನು ಕೈಮುಗಿದು ಕುಳಿತುಬಿಟ್ಟ. ಅವನಿಗೆ ಇನ್ನೇನು ಬೇಕಾಗಿತ್ತು? ಯಮನವ್ವ ನನ್ನ ತೋಳು ಹಿಡಿದು, "ಏನಂದ್ರೀ? ಯಾ ಹೂವು?" ಎಂದು ಕೇಳುತ್ತಿದ್ದಳು. ಪಂಚನ ಮಾತಿಗೂ ಪಂಚನಾಮೆಗೂ ತಾಳೆಯಾಗುವುದಿಲ್ಲ, ಉಡಿಯಲ್ಲಿ ಏನಿತ್ತೆಂದು ಸಾಬೀತಾಗಿಲ್ಲ ಎಂದು ಕೋರ್ಟು ಗಂಡನನ್ನು ಬಿಟ್ಟಿತು. ಅವನು ಅದೇ ವರ್ಷ ಇನ್ನೊಂದು ಮದುವೆಯಾದ.

ಸಾಕ್ಷಿ ಹೇಳಿದ ಮರುದಿನ ಸ್ಟಾಫ್ ರೂಮಿನಲ್ಲಿ ಅವರೊಬ್ಬರೇ ಇದ್ದಾಗ ಕೇಳಿದೆ. ನಿಂತುಕೊಂಡೇ ಕೇಳಿದೆ.

"ಸರ, ಸಂಪಿಗಿ ಎಲ್ಲಿತ್ರಿ?"

ಅವರು ತಲೆಯೆತ್ತಿ, ಶಾಲೆಯ ದಡ್ಡ ಹುಡುಗನನ್ನು ನೋಡುವ ಕರುಣೆಯಿಂದ ನನ್ನನ್ನು ನೋಡಿದರು. "ಯಾಕ್ರಿ ಅಕ್ಕೋರ, ನೀವು ಆ ಅಧ್ಯಾಯ ಓದಿಲ್ಲೇನು?" ಎಂದರು.

ಊರಲ್ಲಿ ಕೆಲವರು, ಮಾಸ್ತರು ರೊಕ್ಕ ತಿಂದರು ಎಂದರು. ನಾನೂ ಹಾಗೇ ಅಂದುಕೊಳ್ಳಲು ಬಹಳ ಪ್ರಯತ್ನಪಟ್ಟೆ. ರೊಕ್ಕ ತಿಂದವನನ್ನು ಕಂಡರೆ ಸಿಟ್ಟು ಬರುತ್ತದೆ, ಬೈದು ಮರೆಯಬಹುದು. ಇವರು ಆ ಗಂಡನ ಮನೆಯವರಿಂದ ಒಂದು ಕಪ್ ಚಹಾ ಕೂಡ ಕುಡಿದವರಲ್ಲ. ಕಣ್ಣೆದುರು ಕಂಡ ಹೆಣಕ್ಕಿಂತ ತಾವು ಬರೆದ ಹೆಣ ಅವರಿಗೆ ಹೆಚ್ಚು ನಿಜವಾಗಿತ್ತು. ಇದಕ್ಕೆ ನನಗೆ ಬರುವುದು ಸಿಟ್ಟಲ್ಲ, ಓಕರಿಕೆ. ಆಮೇಲೆ ಅದೇ ಕೋಣೆಯಲ್ಲಿ, ಅವರು ನಿವೃತ್ತರಾಗುವವರೆಗೆ ಅವರೆದುರು ಕೂತು ಬುತ್ತಿ ಉಂಡೆ. ಉಂಡದ್ದು ಮೈಗೆ ಹತ್ತಲಿಲ್ಲ.

ಅವರ ನಿವೃತ್ತಿಯ ದಿನ ಹಾರ ಹಾಕಲು ನನ್ನನ್ನು ಕರೆದರು. ತಲೆನೋವೆಂದು ಹೇಳಿ ಮನೆಗೆ ಹೋದೆ. ಸತ್ತಾಗ ಮಾತ್ರ ಹೋಗಬೇಕಾಯಿತು, ಅವರ ಹೆಂಡತಿಯ ಸಲುವಾಗಿ. ಆ ತಾಯಿ ಗಂಡನ ಒಂದು ಪುಸ್ತಕವನ್ನೂ ಓದಿದವಳಲ್ಲ. ಬಂದವರಿಗೆಲ್ಲ ನೀರು ಕೊಟ್ಟು, ಕೊನೆಗೆ ನನ್ನ ಹತ್ತಿರ ಬಂದು ಕೂತಳು. ಹಾಲ್‌ನಲ್ಲಿ ಶಾಲು, ಫಲಕ, ಗಂಧದ ಹಾರಗಳು ಗೋಡೆ ತುಂಬ ಇದ್ದವು.

"ನೀವೂ ಕಮತಗಿಯವರ ಅಲ್ಲೇನ್ರಿ?" ಎಂದಳು. "ಆ ಹುಡುಗಿ ಬಾಂವ್ಯಾಗ ಸಿಕ್ಕ ದಿನ ಇವರು ಮನಿಗೆ ಬಂದು ಜಳಕಾ ಮಾಡಿ ಊಟಕ್ಕ ಕುಂತ್ರು. ಅನ್ನ ನೋಡಿ ತಾಟು ಸರಸಿದ್ರು. ಯಾಕಂದೆ. ಆ ಹೆಣ್ಮಗಳ ಉಡ್ಯಾಗ ಅಕ್ಕಿ ನೆನದು ಅನ್ನ ಆದಂಗ ಉಬ್ಬಿತ್ತು, ಅರಿಷಿಣದ ಕೊಂಬೂ ಹಂಗ ಇತ್ತು ಅಂದ್ರು. ಅಯ್ಯ ಹಂಗಾರ ಆಕಿ ಮನಿ ಮುಟ್ಟೇ ಇಲ್ಲ ಬಿಡ್ರಿ ಅಂದೆ ನಾ. ಹೌದಲ್ಲ ಅಂದ್ರು."

ನಾನು ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಟ್ಟೆ.

"ಆಮ್ಯಾಲ ಪುಸ್ತಕ ಬರಿಯೂ ಮುಂದ ನಾನ ಕೇಳಿದೆ, ಅಕ್ಕಿದ ಬರದ್ರೇನ್ರಿ ಅಂತ. ಅಕ್ಕಿ ಭಾಳ ಸಾದಾ ಆಕೈತಿ, ಓದವ್ರಿಗೆ ರುಚಿ ಹತ್ತೂದಿಲ್ಲ ಅಂದ್ರು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಬರದದ್ದು ಬರದ್ರು. ಕೋರ್ಟಿನ್ಯಾಗೂ ಅದನ್ನ ಹೇಳ್ತಾರಂತ ನನಗೇನ ಗೊತ್ರಿ ಅಕ್ಕೋರ."

ಹಾಗಾದರೆ ಅವರಿಗೆ ಗೊತ್ತಿತ್ತು. ಮೊದಲು ಗೊತ್ತಿತ್ತು, ಆಮೇಲೆ ರುಚಿಗೆಂದು ಬದಲಿಸಿದರು, ಕೊನೆಗೆ ಬದಲಿಸಿದ್ದನ್ನೇ ನಂಬಿದರು. ಎದ್ದು ಹೊರಗೆ ಬಂದೆ. ಚಪ್ಪಲಿ ಹಾಕಿಕೊಳ್ಳುವಾಗ ಆ ಹುಡುಗರಲ್ಲೊಬ್ಬ ಬಾಗಿಲಲ್ಲಿ ನಿಂತು, ಮಾಸ್ತರಂಥ ಕಲ್ಪನಾಶಕ್ತಿ ಇನ್ನು ಹುಟ್ಟುವುದಿಲ್ಲ ಎಂದು ಯಾರಿಗೋ ಹೇಳುತ್ತಿದ್ದ. ಹುಟ್ಟದಿರಲಿ.

ತೀರ್ಪು ಬಂದ ಮೇಲಿನ ಒಂದು ಮಧ್ಯಾಹ್ನದ ಮಾತು ಉಳಿದಿದೆ. ರಜೆಗೆಂದು ಕಮತಗಿಗೆ ಹೋಗಿದ್ದೆ. ಯಮನವ್ವ ನಮ್ಮ ಕಟ್ಟೆಗೆ ಬಂದು ಕುಳಿತಳು. ಸೆರಗಿನ ಒಳಗಿನಿಂದ ಆ ಕಾದಂಬರಿಯನ್ನು ತೆಗೆದಳು. ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಕೊಂಡಿದ್ದಳಂತೆ. ಮುಖಪುಟದ ಅರೆಬತ್ತಲೆ ಹೆಂಗಸನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದಳು.

"ಇದರಾಗ ನನ್ನ ಮಗಳದಾಳಂತ. ಎಲ್ಲಾರೂ ಓದ್ಯಾರ, ನಾ ಒಬ್ಬಾಕಿ ಓದಿಲ್ಲ. ಆಕಿ ಸಾಯೂ ಮುಂದ ಏನರ ಅಂತಾಳೇನ್ರಿ? ಅದಷ್ಟ ಓದ್ರಿ."

ಬೇಡ ಯಮನವ್ವ ಎಂದೆ. ಕೇಳಲಿಲ್ಲ. ಓದಿದೆ. ನಾಯಕಿ ಬೆಳದಿಂಗಳಲ್ಲಿ ಮೆಟ್ಟಿಲಿಳಿದು, ಪ್ರಿಯನ ಹೆಸರು ಹೇಳಿ, ನಗುನಗುತ್ತ ನೀರಿಗೆ ಹೋಗುತ್ತಾಳೆ. ಆ ಹೊಲಸು ಸಾಲುಗಳನ್ನು ಆ ತಾಯಿಯ ಮುಂದೆ ನನ್ನ ಬಾಯಿಯಿಂದ ಓದಬೇಕಾಯಿತು. ನಾಲಿಗೆ ಕಿತ್ತು ಎಸೆಯಬೇಕೆನಿಸಿತು.

ಯಮನವ್ವ ಅಳಲಿಲ್ಲ.

"ಈಕಿ ಯಾರೋ ಏನೋ. ಕಸ್ತೂರಿ ಅಲ್ಲ," ಎಂದಳು. "ಕಸ್ತೂರಿ ನೀರಿಗೆ ಭಾಳ ಅಂಜತಿದ್ಲು. ಹೊಳಿಗೆ ಹೋದ್ರ ಮಣಕಾಲ ಮಟಾ ಇಳೀತಿದ್ದಿಲ್ಲ." ಪುಸ್ತಕವನ್ನು ನನ್ನ ಕಡೆ ಸರಿಸಿದಳು. "ಮತ್ತ ಕಸ್ತೂರಿದು ಎಲ್ಲಿ ಬರದೈತ್ರಿ ಅಕ್ಕೋರ? ಕೋರ್ಟಿನ ಕಾಗದದಾಗ?"

"ಅದರಾಗೂ ಇಲ್ಲ ಯಮನವ್ವ."

"ಎಲ್ಲೂ ಇಲ್ಲೇನ್ರಿ?"

"ಎಲ್ಲೂ ಇಲ್ಲ."

ಅವಳು ಕಟ್ಟೆಯ ಮೇಲೆ ಕಾಲು ಮಡಿಚಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ನನ್ನೆದುರು ನೆಟ್ಟಗೆ ಕುಳಿತಳು.

"ಹಂಗಾದ್ರ ನೀವ ಬರಕೋರಿ. ನಾ ಹೇಳ್ತೇನಿ," ಎಂದಳು. "ಅಕ್ಕಿ ಇತ್ತು. ಕೊಬ್ರಿ ಬಟ್ಲ ಇತ್ತು. ಅರಿಷಿಣದ ಕೊಂಬ ಇತ್ತು. ನಾ ರಂಡಿಮುಂಡಿ, ತುಂಬಬಾರದು ಅಂತ ಗೋಡಿ ಮರಿಗೆ ನಿಂತಿದ್ದೆ. ನಿಮ್ಮ ಅವ್ವ, ಓಣ್ಯಾನ ಹೆಣ್ಮಕ್ಕಳು ಕೂಡಿ ತುಂಬಿದ್ರು. ಗಂಟ ಬಿಗಿ ಆತೇನವಾ ಅಂತ ನಾ ಅಲ್ಲಿಂದನ ಕೇಳಿದೆ. ಇಲ್ಲಬೇ, ಛಲೋ ಆಗೇತಿ, ಮನಿ ಮುಟ್ಟೂತನಾ ಬಿಚ್ಚೂದಿಲ್ಲ ಅಂದ್ಲು."